ಹತ್ತಡಿ ಕೋಣೆಯಲ್ಲಿ ವಿಶ್ವದ ಲೆಕ್ಕ: ಸಾಂದ್ರತೆ, ಹಿಗ್ಗುವಿಕೆ, ಶಕ್ತಿ ಮೂರನ್ನೂ ನೀವೇ ಹಾಕಿ ನೋಡುವುದು ಹೇಗೆ

ವಿಶ್ವ ಹಿಗ್ಗಿದರೆ ಅದರೊಳಗಿನ ಸಾಂದ್ರತೆ ಎಷ್ಟು ಇಳಿಯುತ್ತದೆ? ಆಗ ಶಕ್ತಿ ಎಲ್ಲಿಗೆ ಹೋಗುತ್ತದೆ? ಈ ಲೆಕ್ಕಕ್ಕೆ ಕೂತವರು ಹೆಚ್ಚುಕಡಿಮೆ ಮೂರೇ ಜಾಗದಲ್ಲಿ ಎಡವುತ್ತಾರೆ. ಒಂದು, ಯೂನಿಟ್ ಬದಲಾಯಿಸುವಾಗ. ಎರಡು, ಬೆಳಕನ್ನೂ ಕಲ್ಲುಮಣ್ಣಿನ ಹಾಗೇ ಲೆಕ್ಕ ಹಿಡಿದಾಗ. ಮೂರು, ಕೊನೆಗೆ ಹಿಂದಿನ ಮೊತ್ತಕ್ಕೂ ಈಗಿನ ಮೊತ್ತಕ್ಕೂ ತಾಳೆ ಆಗದೆ, ಎಲ್ಲೋ ತಪ್ಪಿದೆ ಅಂತ ಹಾಳೆ ಹರಿದು ಬಿಸಾಕಿದಾಗ. ಮೂರನೆಯದಕ್ಕೆ ಹರಿಯುವ ಅಗತ್ಯವೇ ಇಲ್ಲ. ಆ ಲೆಕ್ಕ ತಾಳೆ ಆಗುವುದಿಲ್ಲ. ಆದರೆ ಹಾಗೆ ಧೈರ್ಯವಾಗಿ ಹೇಳಬೇಕಾದರೆ ಮೊದಲ ಎರಡು ತಪ್ಪು ನಿಮ್ಮ ಹಾಳೆಯಲ್ಲಿ ಇರಬಾರದು. ಅದಕ್ಕೇ ಇಲ್ಲಿ ಹಂತಗಳ ಕ್ರಮ ಮುಖ್ಯ. ಮಧ್ಯದಲ್ಲಿ ಹಾರಬೇಡಿ.

ಶುರು ಮಾಡೋಕೆ ಮುಂಚೆ: ಏನೇನು ಬೇಕು

ಘಾತ ಹಾಕಲು ಬರುವ ಕ್ಯಾಲ್ಕುಲೇಟರ್ ಒಂದು ಸಾಕು. ಫೋನ್ ಅಡ್ಡ ಹಿಡಿದರೆ ತುಂಬಾ ಫೋನ್‌ಗಳಲ್ಲಿ ಅದೇ ಬರುತ್ತದೆ. ಬರದಿದ್ದರೆ ಆಟೋ ರೊಟೇಟ್ ಆಫ್ ಆಗಿದೆಯಾ ನೋಡಿ. ಜೊತೆಗೆ ನೋಟ್‌ಬುಕ್ಕಿನ ಒಂದು ಪೂರ್ತಿ ಪುಟ, ಪೆನ್ಸಿಲ್. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ದ್ರವ್ಯ, ಬೆಳಕು, ಡಾರ್ಕ್ ಎನರ್ಜಿ (ಹಿಗ್ಗುವಿಕೆಯನ್ನು ಚುರುಕು ಮಾಡುವ, ಏನೆಂದು ಇನ್ನೂ ಗೊತ್ತಾಗದ ಶಕ್ತಿ), ಒಟ್ಟು.

ಪುಟದ ತಲೆಯಲ್ಲಿ ಈ ಸಂಖ್ಯೆಗಳನ್ನು ಬರೆದುಕೊಳ್ಳಿ.

- ಹಬಲ್ ಸಂಖ್ಯೆ (ವಿಶ್ವ ಎಷ್ಟು ಚುರುಕಾಗಿ ಹಿಗ್ಗುತ್ತಿದೆ ಅನ್ನುವ ಅಳತೆ): ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ 67.4 ಕಿಲೋಮೀಟರ್
- ಒಂದು ಮೆಗಾಪಾರ್ಸೆಕ್: 3.086 × 10¹⁹ ಕಿಲೋಮೀಟರ್
- ಗುರುತ್ವ ಸ್ಥಿರಾಂಕ: 6.674 × 10⁻¹¹ (ಮೀಟರ್, ಕಿಲೋಗ್ರಾಂ, ಸೆಕೆಂಡ್ ಲೆಕ್ಕದಲ್ಲಿ)
- ಬೆಳಕಿನ ವೇಗ: ಸೆಕೆಂಡಿಗೆ 2.998 × 10⁸ ಮೀಟರ್
- ಒಂದು ಪ್ರೋಟಾನಿನ ತೂಕ: 1.673 × 10⁻²⁷ ಕಿಲೋಗ್ರಾಂ
- ಪಾಲು: ದ್ರವ್ಯ 31.5%, ಡಾರ್ಕ್ ಎನರ್ಜಿ 68.5%. ದ್ರವ್ಯದ ಆ 31.5ರಲ್ಲಿ ನಮ್ಮ ನಿಮ್ಮಂಥ ಮಾಮೂಲಿ ದ್ರವ್ಯ ಬರೀ 4.9, ಮಿಕ್ಕಿದ್ದು ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ

67.4 ಅನ್ನುವುದು ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶ. ಹತ್ತಿರದ ಗೆಲಾಕ್ಸಿಗಳ ಸೂಪರ್‌ನೋವಾಗಳಿಂದ ಅಳೆದವರಿಗೆ 73ರ ಆಸುಪಾಸು ಸಿಗುತ್ತದೆ. ಎರಡೂ ಕೂಡುತ್ತಿಲ್ಲ, ಆ ಜಗಳ ಇನ್ನೂ ನಡೆದಿದೆ. ನಮಗೆ ಸದ್ಯಕ್ಕೆ ಬೇಕಾದ್ದು ಒಂದೇ: ಒಂದನ್ನು ಹಿಡಿದರೆ ಕೊನೇವರೆಗೂ ಅದನ್ನೇ ಹಿಡಿಯಿರಿ. ಅರ್ಧ ದಾರಿಯಲ್ಲಿ "ಸುಮ್ನೆ 70 ಅಂತ ಇಟ್ಕೊಳ್ಳೋಣ" ಅಂದರೆ ಮುಂದೆ ಯಾವುದನ್ನೂ ಸರಿಯಾಗಿ ಪರೀಕ್ಷಿಸಲು ಆಗುವುದಿಲ್ಲ.

ಹಂತ 1: ಗೋಡೆಯಿಲ್ಲದ ಕೋಣೆ ಕಟ್ಟಿ

ಇಡೀ ವಿಶ್ವದ ಲೆಕ್ಕ ಹಾಕಬೇಡಿ, ತಲೆ ಕೆಡುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ತೆಗೆದುಕೊಳ್ಳಿ. ಒಂದು ಬದಿ 3.05 ಮೀಟರ್, ಒಳಗಿನ ಜಾಗ 28.3 ಘನ ಮೀಟರ್. ಇದು ಗೋಡೆಯಿಲ್ಲದ ಕೋಣೆ. ವಿಶ್ವ ಹಿಗ್ಗಿದಂತೆ ಇದರ ಗಡಿಯೂ ಹಿಗ್ಗುತ್ತದೆ.

ಇಲ್ಲಿ ಆಗುವ ತಪ್ಪು: ನೀವು ಕೂತಿರುವ ಕೋಣೆಯನ್ನೇ ಇದು ಅಂದುಕೊಳ್ಳುವುದು. ನಿಮ್ಮ ಕೋಣೆಯಲ್ಲಿ ಸುಮಾರು 34 ಕಿಲೋ ಗಾಳಿಯೇ ಇದೆ. ನಮ್ಮ ಕೋಣೆಯಲ್ಲಿ ಇರುವುದು ಇಡೀ ವಿಶ್ವದ ಸರಾಸರಿ, ಅಂದರೆ 30 ಕೋಟಿ ಜ್ಯೋತಿರ್ವರ್ಷದಷ್ಟು ದೊಡ್ಡ ಜಾಗ ಹಿಡಿದು, ಅಲ್ಲಿರುವ ಗೆಲಾಕ್ಸಿಗಳನ್ನೆಲ್ಲ ಪುಡಿ ಮಾಡಿ ಸಮನಾಗಿ ಹರಡಿದರೆ ಹತ್ತಡಿಗೆ ಎಷ್ಟು ಬರುತ್ತದೋ ಅಷ್ಟು. ಇನ್ನೊಂದು ಮಾತು. ನಿಮ್ಮ ನಿಜವಾದ ಕೋಣೆ ಹಿಗ್ಗುವುದಿಲ್ಲ. ಇಟ್ಟಿಗೆ ಸಿಮೆಂಟನ್ನು ಪರಮಾಣುಗಳ ನಡುವಿನ ವಿದ್ಯುತ್ ಬಲ ಹಿಡಿದಿಟ್ಟಿದೆ. ಭೂಮಿ, ಸೌರವ್ಯೂಹ, ನಮ್ಮ ಗೆಲಾಕ್ಸಿ ಯಾವುದೂ ಹಿಗ್ಗುವುದಿಲ್ಲ, ಗುರುತ್ವ ಬಿಡುವುದಿಲ್ಲ. ಹಿಗ್ಗುವುದು ಗೆಲಾಕ್ಸಿ ಗುಂಪುಗಳ ನಡುವಿನ ದೂರ.

ಹಂತ 2: ಹಬಲ್ ಸಂಖ್ಯೆಯನ್ನು ಪಳಗಿಸಿ

ಹಬಲ್ ಸಂಖ್ಯೆಯಲ್ಲಿ ಮೇಲೆ ಕಿಲೋಮೀಟರ್, ಕೆಳಗೆ ಮೆಗಾಪಾರ್ಸೆಕ್. ಎರಡೂ ದೂರವೇ, ಹಾಗಾಗಿ ಹೊಡೆದುಹೋಗಬೇಕು. 67.4 ಅನ್ನು 3.086 × 10¹⁹ರಿಂದ ಭಾಗಿಸಿ. ಸಿಗುವುದು 2.184 × 10⁻¹⁸, ಸೆಕೆಂಡಿಗೆ. ದೂರ ಪೂರ್ತಿ ಮಾಯವಾಗಿ ಸಮಯ ಮಾತ್ರ ಉಳಿಯಿತು.

ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. 1 ಅನ್ನು ಈ ಸಂಖ್ಯೆಯಿಂದ ಭಾಗಿಸಿ, ಬಂದ ಸೆಕೆಂಡುಗಳನ್ನು ವರ್ಷ ಮಾಡಿ (ವರ್ಷಕ್ಕೆ 3.156 × 10⁷ ಸೆಕೆಂಡ್). ಸುಮಾರು 1,450 ಕೋಟಿ ವರ್ಷ ಬರಬೇಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ, ಅದರ ಪಕ್ಕದಲ್ಲೇ ಬಂತು. ನಿಮಗೆ 145 ಕೋಟಿ ಬಂದಿದ್ದರೆ ವಿಶ್ವಕ್ಕಿಂತ ಭೂಮಿಗೇ ವಯಸ್ಸು ಜಾಸ್ತಿ ಆಯಿತು, ಅಲ್ವಾ? ಅಲ್ಲೇ ನಿಲ್ಲಿ.

145 ಕೋಟಿ ಬರುವುದಕ್ಕೆ ಕಾರಣ ಬಹುತೇಕ ಕ್ಯಾಲ್ಕುಲೇಟರಿನ 'ಇಎಕ್ಸ್‌ಪಿ' ಗುಂಡಿ. ಆ ಗುಂಡಿಯಲ್ಲೇ "ಗುಣಿಸು ಹತ್ತರ ಘಾತ" ಅಡಗಿದೆ. 2.184 ಒತ್ತಿ, ಇಎಕ್ಸ್‌ಪಿ ಒತ್ತಿ, −18 ಒತ್ತಿದರೆ ಮುಗಿಯಿತು. ಆದರೆ ಹಾಳೆಯಲ್ಲಿ ಹತ್ತು ಕಾಣುತ್ತದಲ್ಲ, ಕೈ ತಡೆಯದೆ ಅದನ್ನೂ ಒತ್ತುತ್ತದೆ. ಒಂದು ಸಂಖ್ಯೆಯಲ್ಲಿ ಹೀಗಾದರೆ ಹತ್ತು ಪಟ್ಟು ತಪ್ಪು. ಮುಂದಿನ ಹಂತದಲ್ಲಿ ವರ್ಗ ಮಾಡಿದಾಗ ನೂರು ಪಟ್ಟು.

ಹಂತ 3: ಸಾಂದ್ರತೆ ತೆಗೆಯಿರಿ

ಸೂತ್ರ ಇಷ್ಟೇ: 3 × (ಹಬಲ್ ಸಂಖ್ಯೆಯ ವರ್ಗ) ÷ (8 × ಪೈ × ಗುರುತ್ವ ಸ್ಥಿರಾಂಕ). ಅಳತೆಗಳ ಪ್ರಕಾರ ದೊಡ್ಡ ಮಟ್ಟದಲ್ಲಿ ವಿಶ್ವ ಸಪಾಟು, ಅಂದರೆ ಜಾಗ ಒಟ್ಟಾರೆ ಬಾಗಿಕೊಂಡಿಲ್ಲ. ಸಪಾಟು ಇದ್ದರೆ ಒಟ್ಟು ಸಾಂದ್ರತೆ ಇಷ್ಟೇ ಇರಬೇಕು, ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ.

ಮೊದಲು ಮೇಲಿನದು: 3 × (2.184 × 10⁻¹⁸)² = 1.431 × 10⁻³⁵. ಇದನ್ನು ಬರೆದಿಡಿ. ಆಮೇಲೆ ಕೆಳಗಿನದು ಬೇರೆಯಾಗಿ: 8 × 3.1416 × 6.674 × 10⁻¹¹ = 1.677 × 10⁻⁹. ಇದನ್ನೂ ಬರೆದಿಡಿ. ಕೊನೆಗೆ ಭಾಗಿಸಿ. ಘನ ಮೀಟರಿಗೆ 8.53 × 10⁻²⁷ ಕಿಲೋಗ್ರಾಂ.

ಒಂದೇ ಉಸಿರಿಗೆ ಎಲ್ಲಾ ಒತ್ತಬೇಡಿ. ನಾನು ಮೊದಲ ಸಲ ಹಾಗೇ ಮಾಡಿ, ಹಾಸ್ಯಾಸ್ಪದ ಅನ್ನುವಷ್ಟು ಸಣ್ಣ ಉತ್ತರ ಬಂದು, "ಓಹೋ, ವಿಶ್ವ ಅಂದ್ರೆ ಇಷ್ಟೊಂದು ಖಾಲಿ" ಅಂತ ಎರಡು ದಿನ ಬೆರಗಿನಲ್ಲಿ ಇದ್ದೆ. ಆವರಣ ಹಾಕಿರಲಿಲ್ಲ, ಅಷ್ಟೇ. ಅದಕ್ಕೇ ತಪ್ಪು ಉತ್ತರಗಳನ್ನೂ ಕೆಳಗೆ ಕೊಟ್ಟಿದ್ದೇನೆ. ನಿಮಗೆ ಬಂದದ್ದನ್ನು ಇಲ್ಲಿ ಹುಡುಕಿ.

- 3.75 × 10⁻⁴⁶ ಬಂದರೆ: ಕೆಳಗಿನ ಮೂರಕ್ಕೆ ಆವರಣ ಹಾಕಿಲ್ಲ. 8ರಿಂದ ಭಾಗಿಸಿ, ಪೈ ಮತ್ತು ಗುರುತ್ವ ಸ್ಥಿರಾಂಕದಿಂದ ಗುಣಿಸಿಬಿಟ್ಟಿದ್ದೀರಿ.
- 3.9 × 10⁻⁹ ಬಂದರೆ: ವರ್ಗ ಮಾಡುವುದು ಮರೆತಿದೆ.
- 8.5 × 10⁻²⁵ ಬಂದರೆ: ಹಬಲ್ ಸಂಖ್ಯೆ ಒತ್ತುವಾಗ ಇಎಕ್ಸ್‌ಪಿ ಗುಂಡಿಯ ಆ ಹತ್ತು.
- 8.5 × 10⁻²⁸ ಬಂದರೆ: ಅದೇ ಹತ್ತು, ಈ ಸಲ ಗುರುತ್ವ ಸ್ಥಿರಾಂಕದಲ್ಲಿ.
- 8.5 × 10⁻³³ ಬಂದರೆ: ಮೆಗಾಪಾರ್ಸೆಕ್ ಮೀಟರಿನಲ್ಲಿ, 67.4 ಮಾತ್ರ ಕಿಲೋಮೀಟರಿನಲ್ಲೇ ಉಳಿದಿದೆ.

ಹಂತ 4: ಪಾಲು ಮಾಡಿ, ಶಕ್ತಿಗೆ ಬದಲಾಯಿಸಿ

8.53 × 10⁻²⁷ ಅನ್ನು ಪ್ರೋಟಾನಿನ ತೂಕದಿಂದ ಭಾಗಿಸಿದರೆ ಘನ ಮೀಟರಿಗೆ 5.1. "ವಿಶ್ವದಲ್ಲಿ ಘನ ಮೀಟರಿಗೆ ಐದು ಪ್ರೋಟಾನ್" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ. ಅದನ್ನು ಹಾಗೇ ನಂಬಬೇಡಿ. ಅದು ಐದು ಪ್ರೋಟಾನಿನಷ್ಟು ತೂಕ, ಡಾರ್ಕ್ ಎನರ್ಜಿಯೂ ಸೇರಿ. ನಿಜವಾದ ಮಾಮೂಲಿ ದ್ರವ್ಯ ಅದರ 4.9%, ಅಂದರೆ ನಾಲ್ಕು ಘನ ಮೀಟರಿಗೆ ಒಂದು ಪ್ರೋಟಾನ್. ನಮ್ಮ ಇಡೀ ಹತ್ತಡಿ ಕೋಣೆಗೆ ಏಳು! ಏಳನ್ನು ಬೆರಳಲ್ಲೇ ಎಣಿಸಬಹುದು.

ಇನ್ನು ಶಕ್ತಿ. ಸಾಂದ್ರತೆಯನ್ನು ಬೆಳಕಿನ ವೇಗದ ವರ್ಗದಿಂದ (8.988 × 10¹⁶) ಗುಣಿಸಿ, ಕೋಣೆಯ 28.3 ಘನ ಮೀಟರಿನಿಂದ ಗುಣಿಸಿ. ಉತ್ತರ ಜೂಲ್‌ನಲ್ಲಿ ತೀರಾ ಚಿಕ್ಕದು, ಹಾಗಾಗಿ ಪಿಕೋಜೂಲ್‌ನಲ್ಲಿ ಬರೆಯೋಣ. ಒಂದು ಜೂಲಿನಲ್ಲಿ ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಅದು.

ದ್ರವ್ಯ 6,840. ಡಾರ್ಕ್ ಎನರ್ಜಿ 14,870. ಒಟ್ಟು 21,710.

ಬೆಳಕಿನ ಕಾಲಂ ಈ ಪಾಲುಗಳಿಂದ ಬರುವುದಿಲ್ಲ, ಅದನ್ನು ಬೇರೆ ದಾರಿಯಲ್ಲಿ ತುಂಬಬೇಕು. ವಿಶ್ವದ ತುಂಬ ಹರಡಿರುವ ಹಳೇ ಬೆಳಕಿನ ತಾಪ ಈಗ 2.725 ಕೆಲ್ವಿನ್. ಆ ತಾಪಕ್ಕೆ ಘನ ಸೆಂಟಿಮೀಟರಿಗೆ 411 ಫೋಟಾನ್ (ಬೆಳಕಿನ ಕಣ) ಇರುತ್ತವೆ, ಒಂದೊಂದರ ಸರಾಸರಿ ಶಕ್ತಿ 1.016 × 10⁻²² ಜೂಲ್. ಕೋಣೆಗೆ ಸಾವಿರದ ನೂರ ಅರವತ್ತು ಕೋಟಿ ಫೋಟಾನ್. ಎಲ್ಲಾ ಸೇರಿದರೂ 1.18 ಪಿಕೋಜೂಲ್. ಏಳೇ ಏಳು ಪ್ರೋಟಾನಿನ ತೂಕದ ಶಕ್ತಿ ಇದರ ಒಂಬೈನೂರು ಪಟ್ಟು. ಎಣಿಕೆಯಲ್ಲಿ ಬೆಳಕು ರಾಜ, ಶಕ್ತಿಯಲ್ಲಿ ಬಡವ. (ನ್ಯೂಟ್ರಿನೋ ಎಂಬ ತೀರಾ ಹಗುರ ಕಣಗಳನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಹಂತ 6ರಲ್ಲಿ ಒಂದು ಸಲ ಬರುತ್ತವೆ.)

ಹಂತ 5: ಕೋಣೆಯನ್ನು ಹಿಗ್ಗಿಸಿ

ಈಗ ಎಲ್ಲ ದೂರವನ್ನೂ ಎರಡು ಪಟ್ಟು ಮಾಡಿ. ಹತ್ತಡಿ ಇದ್ದದ್ದು ಇಪ್ಪತ್ತಡಿ. ಇಲ್ಲಿ ಕ್ರಮ ತಪ್ಪಿದರೆ ಎಲ್ಲಾ ತಪ್ಪುತ್ತದೆ: ಮೊದಲು ಜಾಗ, ಆಮೇಲೆ ಎಣಿಕೆ, ಆಮೇಲೆ ಒಂದೊಂದರ ಶಕ್ತಿ, ಕೊನೆಗೆ ಸಾಂದ್ರತೆ. ಹೆಚ್ಚಿನವರು ಸಾಂದ್ರತೆಯಿಂದಲೇ ಶುರು ಮಾಡುತ್ತಾರೆ, ಅಲ್ಲೇ ಬೆಳಕು ಕೈಕೊಡುತ್ತದೆ.

ಜಾಗ ಎಂಟು ಪಟ್ಟು. ದ್ರವ್ಯದ ಎಣಿಕೆ ಅಷ್ಟೇ, ಒಂದೊಂದರ ತೂಕವೂ ಅಷ್ಟೇ. ಹಾಗಾಗಿ ಶಕ್ತಿ 6,840ರಲ್ಲೇ ನಿಂತಿತು, ಸಾಂದ್ರತೆ ಎಂಟನೇ ಒಂದು ಪಾಲಾಯಿತು. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ, ತೆಳುವಾಯಿತು, ಒಳಗಿನ ಮೊಸರು ಹೋಗಲಿಲ್ಲ.

ಬೆಳಕಿನ ಎಣಿಕೆಯೂ ಅಷ್ಟೇ. ಆದರೆ ಜಾಗ ಹಿಗ್ಗಿದಂತೆ ಒಂದೊಂದು ಫೋಟಾನಿನ ಅಲೆಯೂ ಹಿಗ್ಗಿ ಎರಡು ಪಟ್ಟು ಉದ್ದವಾಯಿತು. ಅಲೆ ಎರಡು ಪಟ್ಟಾದರೆ ಶಕ್ತಿ ಅರ್ಧ. ಕಾಲಂನಲ್ಲಿ 1.18 ಹೋಗಿ 0.59 ಬರುತ್ತದೆ. ಸಾಂದ್ರತೆ ಹದಿನಾರನೇ ಒಂದು ಪಾಲು. ಎಂಟು ಅಂತ ಬರೆದಿದ್ದರೆ ಅಲೆ ಹಿಗ್ಗಿದ್ದನ್ನು ಬಿಟ್ಟಿದ್ದೀರಿ.

ಈ ಅಲೆ ಹಿಗ್ಗುವುದು ಬರೀ ಕಾಗದದ ಮಾತಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಸರಸ್ 3 ಎಂಬ ರೇಡಿಯೋ ಉಪಕರಣ ಇಟ್ಟು ಕೇಳುತ್ತಿದ್ದದ್ದು ಇಂಥದ್ದನ್ನೇ. ಹೈಡ್ರೋಜನ್ ಪರಮಾಣುವಿನ ರೇಡಿಯೋ ಅಲೆ 1,420 ಮೆಗಾಹರ್ಟ್ಸ್. ಮೊದಲ ನಕ್ಷತ್ರಗಳ ಕಾಲದಿಂದ ಹೊರಟದ್ದು ನಮ್ಮನ್ನು ಮುಟ್ಟುವ ಹೊತ್ತಿಗೆ ಸುಮಾರು 18 ಪಟ್ಟು ಹಿಗ್ಗಿ 80 ಮೆಗಾಹರ್ಟ್ಸ್ ಆಸುಪಾಸು ಇರುತ್ತದೆ, ನಮ್ಮ ಎಫ್‌ಎಂ ಪಟ್ಟಿಗಿಂತ ಒಂಚೂರು ಕೆಳಗೆ. ನೀರಿನ ಮೇಲೇ ಯಾಕೆ ಅಂದರೆ, ಆಂಟೆನಾದ ಕೆಳಗೆ ಎಲ್ಲ ಕಡೆ ಒಂದೇ ಸಮ ಇರಲಿ ಅಂತ.

ಡಾರ್ಕ್ ಎನರ್ಜಿ ಬೇರೆಯೇ ಕಥೆ. ಸದ್ಯ ಬಳಸುವ ಸರಳ ಮಾದರಿಯಲ್ಲಿ ಅದರ ಸಾಂದ್ರತೆ ಬದಲಾಗುವುದೇ ಇಲ್ಲ. ಜಾಗ ಎಂಟು ಪಟ್ಟಾದರೆ ಅದೂ ಎಂಟು ಪಟ್ಟು: 14,870 ಹೋಗಿ ಸುಮಾರು 1,19,000.

ಒಟ್ಟು ಕೂಡಿಸಿ. 21,710 ಇದ್ದದ್ದು ಈಗ ಸುಮಾರು 1,25,800. ಹಾಳೆ ಹರಿಯಬೇಡಿ ಅಂದದ್ದು ಇಲ್ಲಿಗೇ.

ಹಂತ 6: ಹಿಂದಕ್ಕೆ ಓಡಿಸಿ ಪರೀಕ್ಷಿಸಿ

ಲೆಕ್ಕ ಸರಿಯಿದೆಯಾ ಅಂತ ನೋಡಲು ಒಳ್ಳೆ ದಾರಿ ಕೋಣೆಯನ್ನು ಕುಗ್ಗಿಸುವುದು. ಆ ಹಳೇ ಬೆಳಕಿನ ರೆಡ್‌ಶಿಫ್ಟ್ (ಅಲೆಯ ಉದ್ದ ಮೊದಲಿದ್ದದ್ದರ ಎಷ್ಟು ಪಟ್ಟು ಹೆಚ್ಚಿದೆ ಅನ್ನುವ ಅಳತೆ) 1,090. ನೇರ 1,090ರಿಂದ ಭಾಗಿಸಬೇಡಿ, ಒಂದು ಕೂಡಿಸಿ 1,091ರಿಂದ ಭಾಗಿಸಿ. ಇಲ್ಲಿ ಆ ಒಂದು ಲೆಕ್ಕಕ್ಕೇ ಬರುವುದಿಲ್ಲ, ನಿಜ. ಆದರೆ ರೆಡ್‌ಶಿಫ್ಟ್ 1 ಅಂದಾಗ ಅದೇ ಒಂದು ಮರೆತರೆ ವಿಶ್ವ ಅರ್ಧಕ್ಕೆ ಕುಗ್ಗುವ ಬದಲು ಇದ್ದಲ್ಲೇ ಇರುತ್ತದೆ.

ಹತ್ತಡಿ ಕೋಣೆಯ ಬದಿ 2.8 ಮಿಲಿಮೀಟರ್ ಆಯಿತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಅದೇ ಏಳು ಪ್ರೋಟಾನ್, ಅದೇ ಸಾವಿರದ ನೂರ ಅರವತ್ತು ಕೋಟಿ ಫೋಟಾನ್. ತಾಪ 2.725 × 1,091, ಸುಮಾರು 2,970 ಕೆಲ್ವಿನ್. ದ್ರವ್ಯ 6,840ರಲ್ಲೇ ಇದೆ. ಬೆಳಕು 1.18ರಿಂದ ಸುಮಾರು 1,290ಕ್ಕೆ ಏರಿದೆ. ಡಾರ್ಕ್ ಎನರ್ಜಿ 0.00001, ಇಲ್ಲವೆಂದೇ ಲೆಕ್ಕ.

ಇನ್ನೂ ಹಿಂದೆ, ಸುಮಾರು 3,400 ಪಟ್ಟು ಕುಗ್ಗಿಸಿದಲ್ಲಿ, ಬೆಳಕು ಮತ್ತು ನ್ಯೂಟ್ರಿನೋ ಎರಡೂ ಸೇರಿ ದ್ರವ್ಯಕ್ಕೆ ಸಮನಾಗುತ್ತವೆ. ಅದಕ್ಕೂ ಹಿಂದೆ ಅವುಗಳದೇ ದರ್ಬಾರು. ನಿಮ್ಮ ಹಾಳೆಯಲ್ಲಿ ಹಿಂದಕ್ಕೆ ಹೋದಂತೆ ಡಾರ್ಕ್ ಎನರ್ಜಿ ಬೆಳೆಯುತ್ತಿದ್ದರೆ ಭಾಗಿಸುವ ಕಡೆ ಗುಣಿಸಿದ್ದೀರಿ.

ಹಂತ 7: ಹೊಸ ಹಬಲ್ ಸಂಖ್ಯೆ

ಇದು ಚಿಕ್ಕ ಹಂತ, ಆದರೆ ಗೊಂದಲ ದೊಡ್ಡದು. ಇಪ್ಪತ್ತಡಿ ಕೋಣೆಯಲ್ಲಿ ಸಾಂದ್ರತೆ ಮೊದಲಿನ ಎಷ್ಟು ಪಾಲು? 0.315 ÷ 8 + 0.685 = 0.724. ಇದರ ವರ್ಗಮೂಲ 0.851. ಅಂದರೆ ಹೊಸ ಹಬಲ್ ಸಂಖ್ಯೆ 57.4.

"ಹಿಗ್ಗುವಿಕೆ ಚುರುಕಾಗುತ್ತಿದೆ ಅಂತಾರೆ, ಸಂಖ್ಯೆ ಇಳಿಯಿತಲ್ಲ?" ಎರಡೂ ನಿಜ. ಹಬಲ್ ಸಂಖ್ಯೆ ಬಡ್ಡಿ ದರ ಇದ್ದ ಹಾಗೆ, ದೂರ ಅಸಲು ಇದ್ದ ಹಾಗೆ. ದರ 67.4ರಿಂದ 57.4ಕ್ಕೆ ಇಳಿದರೂ ಅಸಲು ಎರಡು ಪಟ್ಟಾಗಿದೆ, ಹಾಗಾಗಿ ಬರುವ ಬಡ್ಡಿ ಜಾಸ್ತಿಯೇ. ದ್ರವ್ಯ ಎಷ್ಟೇ ತೆಳುವಾದರೂ ಈ ದರ 55.8ಕ್ಕಿಂತ ಕೆಳಗೆ ಹೋಗುವುದಿಲ್ಲ. ನಿಮ್ಮದು ಹೋಗಿದ್ದರೆ ಡಾರ್ಕ್ ಎನರ್ಜಿಯನ್ನೂ ಎಂಟರಿಂದ ಭಾಗಿಸಿದ್ದೀರಿ.

ಹಂತ 8: ತಾಳೆ ಆಗದ ಮೊತ್ತ

ಈಗ ಬಂತು ಜಗಳದ ಜಾಗ. ಬೆಳಕಿನ 0.59 ಕಳೆದುಹೋಯಿತು. ಡಾರ್ಕ್ ಎನರ್ಜಿಗೆ ಲಕ್ಷಕ್ಕೂ ಜಾಸ್ತಿ ಎಲ್ಲಿಂದಲೋ ಬಂತು. ಮೊದಲು ಈ ಏರಿಳಿತ ನಿಯಮದ ಪ್ರಕಾರವೇ ಆಗಿದೆಯಾ ಅಂತ ಪರೀಕ್ಷಿಸಿ, ಆಮೇಲೆ ಅರ್ಥದ ಮಾತು.

ನಿಯಮ: ಕೋಣೆಯೊಳಗಿನ ಶಕ್ತಿಯ ಬದಲಾವಣೆ = ಒತ್ತಡ × ಹೆಚ್ಚಿದ ಜಾಗ, ಮೈನಸ್ ಚಿಹ್ನೆಯೊಂದಿಗೆ. ಎರಡು ಪಟ್ಟು ಹಿಗ್ಗಿಸಿ ಇದನ್ನು ನೋಡಬೇಡಿ, ಮಧ್ಯೆ ಒತ್ತಡವೇ ಬದಲಾಗಿಬಿಡುತ್ತದೆ. ಬರೀ 1% ಹಿಗ್ಗಿಸಿ. ಜಾಗ 3.03% ಹೆಚ್ಚುತ್ತದೆ.

ದ್ರವ್ಯದ ಒತ್ತಡ ಸೊನ್ನೆ. ಬದಲಾವಣೆ ಸೊನ್ನೆ. ಬೆಳಕಿನ ಒತ್ತಡ ಅದರ ಶಕ್ತಿ ಸಾಂದ್ರತೆಯ ಮೂರನೇ ಒಂದು ಪಾಲು, ಹಾಗಾಗಿ 1.18ರ ಮೂರನೇ ಒಂದಕ್ಕೆ 3.03% ಹಾಕಿದರೆ 0.012 ಕಳೆಯುತ್ತದೆ, 1.168 ಉಳಿಯುತ್ತದೆ. ಅಲೆ ಹಿಗ್ಗಿದ ಲೆಕ್ಕದಲ್ಲಿ ನೋಡಿ: 1.18 ÷ 1.01, ಅದೂ 1.168. ಡಾರ್ಕ್ ಎನರ್ಜಿಯ ಒತ್ತಡ ಅದರ ಶಕ್ತಿ ಸಾಂದ್ರತೆಯಷ್ಟೇ, ಆದರೆ ಮೈನಸ್. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್ ಆಗುತ್ತದೆ. 14,870ಕ್ಕೆ 451 ಸೇರುತ್ತದೆ, ಸರಿಯಾಗಿ 3.03%. ಮೂರೂ ಕಾಲಂ ನಿಯಮ ಪಾಲಿಸಿವೆ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ.

ಹಾಗಾದರೆ ಬೆಳಕಿನ ಶಕ್ತಿ ಎಲ್ಲಿ ಹೋಯಿತು? ಇಲ್ಲಿ ಎಚ್ಚರ. "ಫೋಟಾನ್‌ಗಳು ಗೋಡೆಯನ್ನು ತಳ್ಳಿ ಕೆಲಸ ಮಾಡಿದವು, ಆ ಶಕ್ತಿ ಹೊರಗೆ ಹೋಯಿತು" ಅಂತ ವಿವರಿಸುವವರಿದ್ದಾರೆ. ನಮ್ಮ ಕೋಣೆಗೆ ಗೋಡೆಯೇ ಇಲ್ಲ. ಪಕ್ಕದ ಕೋಣೆಯಲ್ಲೂ ಇಷ್ಟೇ ಒತ್ತಡ, ಅದರ ಪಕ್ಕದಲ್ಲೂ ಇಷ್ಟೇ, ಅಲ್ಲೂ ಶಕ್ತಿ ಕಮ್ಮಿಯಾಗಿದೆ. ಯಾರಿಂದ ಯಾರಿಗೆ ಹೋಯಿತು ಅನ್ನುವುದು? ಬೆಳಕು ಕಳೆದುಕೊಂಡದ್ದೇ ಡಾರ್ಕ್ ಎನರ್ಜಿಗೆ ಸೇರಿತು ಅನ್ನುವುದೂ ಸಲ್ಲದು. ಒಂದು ಕಡೆ ಕಳೆದದ್ದು ಅರ್ಧ ಪಿಕೋಜೂಲ್, ಇನ್ನೊಂದು ಕಡೆ ಸೇರಿದ್ದು ಲಕ್ಷ.

ನಿಜವಾದ ಕಾರಣ ಬೇರೆ ಕಡೆ ಇದೆ. ಗಣಿತಜ್ಞೆ ಎಮ್ಮಿ ನೋದರ್ 1918ರಲ್ಲಿ ತೋರಿಸಿದ್ದು ಇದು: ವ್ಯವಸ್ಥೆಯೊಂದರ ನಿಯಮ ನಿನ್ನೆ, ಇವತ್ತು, ನಾಳೆ ಒಂದೇ ಆಗಿದ್ದರೆ ಮಾತ್ರ ಅಲ್ಲಿ ಶಕ್ತಿ ಉಳಿಯುತ್ತದೆ. ಹಿಗ್ಗುವ ವಿಶ್ವದಲ್ಲಿ ಜಾಗವೇ ನಿನ್ನೆಯ ಹಾಗೆ ಇಲ್ಲ. ಹಾಗಾಗಿ ಇಡೀ ವಿಶ್ವಕ್ಕೆ ಬದಲಾಗದ ಒಟ್ಟು ಶಕ್ತಿ ಅಂತ ಒಂದು ಸಂಖ್ಯೆಯನ್ನು ಸಾಮಾನ್ಯ ಸಾಪೇಕ್ಷತೆ (ಐನ್‌ಸ್ಟೈನರ ಗುರುತ್ವ ಸಿದ್ಧಾಂತ) ಕೊಡುವುದೇ ಇಲ್ಲ. ಕೊಡುವುದು ನೀವು ಈಗಷ್ಟೇ 1% ಹಿಗ್ಗಿಸಿ ಪರೀಕ್ಷಿಸಿದ ಸ್ಥಳೀಯ ನಿಯಮವನ್ನು. "ಗುರುತ್ವದ ಮೈನಸ್ ಶಕ್ತಿ ಸೇರಿಸಿದರೆ ಮೊತ್ತ ಸೊನ್ನೆ, ಎಲ್ಲಾ ಸರಿಹೋಗುತ್ತದೆ" ಅನ್ನುವ ವಾದವೂ ಸಿಗುತ್ತದೆ. ಬರೀ ದ್ರವ್ಯ ಇರುವ ಸಪಾಟು ವಿಶ್ವಕ್ಕೆ ನ್ಯೂಟನ್ ಲೆಕ್ಕದಲ್ಲಿ ಅದು ಚೆನ್ನಾಗಿ ಕೂರುತ್ತದೆ. ಬೆಳಕು, ಡಾರ್ಕ್ ಎನರ್ಜಿ ಬಂದ ಮೇಲೆ ಅದನ್ನು ಎಳೆದುತಂದು ಕೂರಿಸುವುದು ನನಗಂತೂ ಇಷ್ಟವಿಲ್ಲ. ಕೂರಿಸಿದವರೂ ಮೊತ್ತ ಹೊಂದಲಿ ಅಂತಲೇ ಕೊನೇ ಸಾಲು ಬರೆದಿರುತ್ತಾರೆ.

ಇದನ್ನು ಓದಿ ಮನೆಯ ಮಿಕ್ಸಿಗೂ ಶಕ್ತಿ ಸಂರಕ್ಷಣೆ ಅನ್ವಯಿಸುವುದಿಲ್ಲ ಅಂದುಕೊಳ್ಳಬೇಡಿ. ಅಲ್ಲಿ ವಿಶ್ವದ ಹಿಗ್ಗುವಿಕೆಯ ಪಾತ್ರವೇ ಇಲ್ಲ. ಕರೆಂಟ್ ಬಿಲ್ ಪೂರ್ತಿ ಕಟ್ಟಬೇಕು.

ಕೊನೇ ಪರೀಕ್ಷೆ: 73 ಹಾಕಿ ಮತ್ತೊಮ್ಮೆ

ಹೊಸ ಪುಟ ತೆಗೆದು, ಪಾಲುಗಳನ್ನು ಹಾಗೇ ಇಟ್ಟು, 67.4ರ ಜಾಗದಲ್ಲಿ 73 ಹಾಕಿ. ಸಾಂದ್ರತೆ 1.0 × 10⁻²⁶ಕ್ಕೆ ಏರುತ್ತದೆ. ಹಬಲ್ ಸಂಖ್ಯೆ ಏರಿದ್ದು 8%, ಸಾಂದ್ರತೆ 17%, ವರ್ಗದ ಕೆಲಸ ಅದು. ಹತ್ತಡಿ ಕೋಣೆಯ ಮೊತ್ತ ಸುಮಾರು 25,500 ಪಿಕೋಜೂಲ್. ದ್ರವ್ಯ, ಡಾರ್ಕ್ ಎನರ್ಜಿ ಎರಡೂ ಕಾಲಂ ಬದಲಾಗುತ್ತವೆ. ಬೆಳಕಿನ ಕಾಲಂ ಮಾತ್ರ 1.18ರಲ್ಲೇ ಇರಬೇಕು, ಯಾಕಂದರೆ ಅದು ಬಂದದ್ದು ತಾಪದಿಂದ. ಅಲ್ಲೂ ಸಂಖ್ಯೆ ಬದಲಾಗಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.